ಏಳನೇ ಸಾಲು

ಕಂಪನಿ ಬದುಕಿದ್ದು ಹದಿನಾಲ್ಕು ತಿಂಗಳು, ಒಂಬತ್ತು ದಿನ.
ಲೆಕ್ಕ ನನಗೆ ಗೊತ್ತು. ಹಾಜರಿ ಪುಸ್ತಕ ಬರೆಯುತ್ತಿದ್ದವಳು ನಾನೇ,
ಟಿಕೆಟ್ ಹರಿಯುತ್ತಿದ್ದವಳೂ,
ಮೋಡದ ಮೇಲೆ ಚಹಾ ಬಗ್ಗಿಸುತ್ತಿದ್ದವಳೂ.

ಹೆಸರು ಅರಾಗಿಲ್. ಅಂದರೆ ಕೊಕ್ಕರೆ.
ಇಟ್ಟವನು ಯೆರ್ವಾಂದ್, ಅದಕ್ಕೂ ಮುಂಚೆ
ಕಾಲುಚೀಲದ ಕಾರ್ಖಾನೆಯ ಮ್ಯಾನೇಜರು.
ಭೂಕಂಪ ಕಾರ್ಖಾನೆಯನ್ನು ಮಡಿಸಿಟ್ಟ ಮೇಲೆ
ಉಳಿದ ನೂಲು ಮಾರಿದ, ಮಾವನ ಚಿನ್ನದ ಹಲ್ಲು ಮಾರಿದ
(ಊರವರ ಮಾತು; ಅವನೇನೂ ಅಲ್ಲಗಳೆಯಲಿಲ್ಲ)
ಮೂವತ್ತೆರಡು ಸೀಟಿನ ಹಳೇ ಯಾಕ್ ಒಂದನ್ನು ಕೊಂಡ.
ಬಾಲದಡಿಯಿಂದ ಏಣಿ ಇಳಿಬಿಡುವ ಜಾತಿಯದು,
ಹತ್ತುವಾಗ ಎಲ್ಲರೂ ತಲೆ ಬಗ್ಗಿಸಲೇಬೇಕು, ಮೇಯರನೂ.

ಕೂಸು ಹುಟ್ಟುವ ಮುಂಚೆ ಕುಲಾವಿ:
ವಿಮಾನಕ್ಕಿಂತ ಮೊದಲೇ ಬಂತು ನನ್ನ ನೀಲಿ ಟೋಪಿ.
ಆಫೀಸು ಒಂದು ತಗಡಿನ ಡಬ್ಬಿ.
ಗ್ಯುಮ್ರಿಯ ಎಷ್ಟೋ ಮಂದಿ ಅಂಥದ್ದರಲ್ಲೇ
ಒಂಬತ್ತು ಚಳಿಗಾಲ ಕಳೆದಿದ್ದರು.
ಒಳಗೆ ಸೌದೆ ಒಲೆ, ಗೋಡೆಗೆ ಇಲ್ಲದ ದೇಶದ ನಕಾಶೆ,
ಚೀಸ್ ಅಂಗಡಿಯಿಂದ ಎರವಲು ತಂದ ತಕ್ಕಡಿ.
ನಮ್ಮೂರ ಗಂಟುಮೂಟೆಯೆಲ್ಲ
ರೊಸ್ತೋವ್ ತನಕ ಕುರಿಚೀಸಿನ ವಾಸನೆ ಹೊತ್ತು ಹೋಯಿತು.

ಮಾರ್ಚ್ ಬಂದರೆ ಗಂಡಸರು ಹೊರಡುತ್ತಾರೆ
ರಷ್ಯಾದವರ ಗೋಡೆ ಕಟ್ಟಲು.
ಇಲ್ಲಿ ಅವರದೇ ಗೋಡೆ ಬಿದ್ದಲ್ಲೇ ಬಿದ್ದಿರುತ್ತದೆ.
ಸರಿಯಾಗಿ ಅದೇ ವಾರ, ಕೆಳಗೆ ಅರಾರಾತ್ ಬಯಲಿನಲ್ಲಿ,
ಕರೆಂಟು ಕಂಬದ ಮೇಲಿನ ಗೂಡಿಗೆ
ಕೊಕ್ಕರೆಗಳು ಮರಳುತ್ತವೆ.
ಹೆಸರಿಡುವಾಗ ಯೆರ್ವಾಂದನಿಗೆ ಇದು ಹೊಳೆಯಲಿಲ್ಲ.

ಮಾರ್ಚಿನಲ್ಲಿ ತುಂಬಿ ಹೋಗಿ ಖಾಲಿ ಬಂದೆವು,
ನವೆಂಬರಿನಲ್ಲಿ ಖಾಲಿ ಹೋಗಿ ತುಂಬಿ ಬಂದೆವು.
ಖಾಲಿ ಸೀಟೂ ಎಣ್ಣೆ ಕುಡಿಯುತ್ತೆ, ಅಂದ ಮೆಕ್ಯಾನಿಕ್ ಅಕ್ಸೆಲ್,
ಕುಡುಕರ ಬಗ್ಗೆ ತಿಳಿದವನು.

ಪೈಲಟ್ ವಘಾರ್ಶಕನಿಗೆ ಒಂದು ಚಾಳಿ.
ನೆಲ ಬಿಟ್ಟ ಮೂರನೇ ನಿಮಿಷಕ್ಕೆ
ಎಡ ರೆಕ್ಕೆ ಬಗ್ಗಿಸಿ ಊರಿಗೊಂದು ಸುತ್ತು ಹಾಕುತ್ತಿದ್ದ.
ಮೂವತ್ತೆರಡು ಗಂಡಸರು ಒಂದೇ ಪಕ್ಕಕ್ಕೆ ವಾಲಿ
ತಂತಮ್ಮ ತಗಡಿನ ಸೂರು ಹುಡುಕುವರು.
ಆಗ ನಾನು ಚಹಾ ಕೊಡುತ್ತಿರಲಿಲ್ಲ.
ಚೆಲ್ಲುತ್ತದೆಂದು ಅಲ್ಲ.

ಎಣ್ಣೆ ಯಾರಪ್ಪನದು? ಯೆರ್ವಾಂದ್ ಕೂಗಾಡಿದ.
ನನ್ನ ಸಂಬಳದಲ್ಲಿ ಹಿಡಿದುಕೋ, ಅಂದ ವಘಾರ್ಶಕ್.
ಸಂಬಳ ಕಂಡು ನಾಲ್ಕು ತಿಂಗಳಾಗಿತ್ತು.

ಎರಡನೇ ನವೆಂಬರಿನಲ್ಲಿ ನಡುವಿನ ಎಂಜಿನ್ ಕೆಮ್ಮಿತು,
ಹೇಗೋ ಇಳಿದೆವು, ಯಾರಿಗೂ ಹೇಳಲಿಲ್ಲ.
ಆದರೂ ಯೆರೆವಾನಿನಿಂದ ಒಬ್ಬ ಬಂದ,
ತೆಳ್ಳನೆಯವನು, ಬೂಟಿಗೆ ಮಣ್ಣು ತಾಗದಂತೆ ನಡೆಯುವವನು.
ಏಣಿಗೆ ದಾರ ಕಟ್ಟಿ, ದಾರಕ್ಕೆ ಅರಗು ಹಚ್ಚಿ,
ನನ್ನದೇ ಪೆನ್ನು ಕೇಳಿ ಸಹಿ ಹಾಕಿ ಹೋದ.

ವಸಂತಕ್ಕೆ ಅರಗು ತಾನೇ ಉದುರಿತು.
ಸಂಬಳದ ಬದಲು ಸೀಟು ಒಯ್ಯಿರಿ, ಅಂದ ಯೆರ್ವಾಂದ್,
ನಮ್ಮ ಮುಖ ನೋಡದೆ.
ಎರಡನೇ ಸಾಲು ಕ್ಷೌರಿಕ ಸೆರೋಬನ ಅಂಗಡಿಗೆ,
ಸಾಲ ತೀರಿಸಲು ಅಕ್ಸೆಲ್ ಮಾರಿದ್ದು.
ಐದನೇದು ಯಾರದೋ ಕೋಳಿಗೂಡಿನ ಬಾಗಿಲಿಗೆ ಅಡ್ಡ.
ವಘಾರ್ಶಕ್ ಒಂದು ಪರದೆ ಮಾತ್ರ ತೆಗೆದುಕೊಂಡ.
ಈಗ ಆರ್ತಿಕ್ ದಾರಿಯಲ್ಲಿ ವ್ಯಾನು ಓಡಿಸುತ್ತಾನೆ;
ಸ್ಮಶಾನದ ತಿರುವಿನಲ್ಲಿ ವ್ಯಾನು
ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಎಡಕ್ಕೆ ವಾಲುತ್ತದೆ.

ಏಳನೇ ಸಾಲು ನನ್ನ ಬಾಲ್ಕನಿಯಲ್ಲಿದೆ.
ಜಾಮಿಗೆ ಏಪ್ರಿಕಾಟ್ ಬಿಡಿಸುವಾಗ ಅಲ್ಲೇ ಕೂರುತ್ತೇನೆ,
ಬೆಲ್ಟು ಬಿಗಿಯುತ್ತೇನೆ, ಅಭ್ಯಾಸ.
ಬೆನ್ನಿಗೆ ಮಡಿಸಿದ ಪುಟ್ಟ ಹಲಗೆಯ ಮೇಲೆ
ಎಂಟನೇ ಸಾಲಿನವನೊಬ್ಬ ಪೆನ್ನಿನಲ್ಲಿ ಬರೆದಿದ್ದಾನೆ:
ಎಂಟು ತಿಂಗಳ ಕೂಲಿ, ಅದರಲ್ಲಿ
ಟಿಕೆಟ್ಟು ಕಳೆದು, ಸಾಲ ಕಳೆದು, ಹುಡುಗಿಯ ಬೂಟು ಕಳೆದು,
ಕೆಳಗೊಂದು ಗೆರೆ.
ಗೆರೆಯ ಕೆಳಗೆ ಏನೂ ಇಲ್ಲ.
ಅಷ್ಟರಲ್ಲಿ ಇಳಿಯುವ ಹೊತ್ತಾಗಿರಬೇಕು.
ಹಲಗೆ ಮಡಿಸಿ, ಎಂದು ನಾನೇ ಹೇಳಿರಬೇಕು.